ಬನಿಲಿ ಬಸ್ಸಿನ ಮೇಲಂತಸ್ತು

"ಆ ತಾಯತಕ್ಕೆ ಕೈ ಹಚ್ಚಬೇಡ, ಮಗಳೇ" ಎಂದು ಬೀ ಮ್ವಾನಾಮೀಸಿ ಅನ್ನುವಷ್ಟರಲ್ಲಿ ನೆಕೇಸಾಳ ಚಾಕು ದಾರವನ್ನು ಕತ್ತರಿಸಿಯಾಗಿತ್ತು.

ಕೆಂಪು, ಕಪ್ಪು, ಬಿಳಿ ಬಟ್ಟೆಗಳನ್ನು ಒಂದರ ಮೇಲೊಂದು ಸುತ್ತಿ ಹೊಲಿದ, ಕೋಳಿಮೊಟ್ಟೆ ಗಾತ್ರದ ಉಂಡೆ. ಬಸ್ಸಿನ ಹಿಂದೆ, ಮೇಲಂತಸ್ತಿಗೆ ಹತ್ತುವ ಸುತ್ತುಮೆಟ್ಟಿಲ ಬುಡದಲ್ಲಿ, ಕಂಡಕ್ಟರನ ಗಂಟೆಯ ಪೆಟ್ಟಿಗೆಯೊಳಗೆ ಅದು ನೇತಾಡುತ್ತಿತ್ತು. ನೆಕೇಸಾ ಅದನ್ನು ಮೂಗಿನ ಹತ್ತಿರ ಹಿಡಿದಳು. ಲವಂಗ, ಕಮಟು ಎಣ್ಣೆ, ಅದರಡಿಯಲ್ಲಿ ಒದ್ದೆ ಕೂದಲಿನ ವಾಸನೆ. ಮುಖ ಕಿವುಚಿ, ತೆಂಗಿನ ಬುಡದಲ್ಲಿ ಉರಿಯುತ್ತಿದ್ದ ಕಸದ ಬೆಂಕಿಗೆ ಎಸೆದಳು. ಉಂಡೆ ಚಿಟಿಚಿಟಿ ಎಂದು ಉರಿಯಿತು. ಮುದುಕಿ ತನ್ನ ಖಾಂಗಾ ಬಟ್ಟೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಗಂಟೆ ಬಾರಿಸೋಕೇ ಬಿಡ್ತಿರಲಿಲ್ಲ ಅಜ್ಜಿ ಇದು" ಎಂದಳು ನೆಕೇಸಾ. "ಗಂಟೆಯಿಲ್ಲದೆ ಈ ಬಸ್ಸು ಓಡಿಸೋದು ಹೇಗೆ?"

ಮಾತೇನೋ ನಿಜ. ಇಂಗ್ಲೆಂಡಿನಲ್ಲಿ ವಯಸ್ಸಾಯಿತೆಂದು ಕಳಚಿಟ್ಟ ಡಬಲ್ ಡೆಕ್ಕರ್ ಬಸ್ಸುಗಳು ಹಡಗು ಹತ್ತಿ ಮೊಂಬಾಸಾಕ್ಕೆ ಬಂದು ಇಳಿಯುತ್ತಿದ್ದ ಕಾಲದಲ್ಲಿ ಬಂದದ್ದು ಇದು. ಡ್ರೈವರನಿಗೆ ಎಂಜಿನ್ನಿನ ಪಕ್ಕದಲ್ಲಿ ಬೇರೆಯೇ ಒಂದು ಗೂಡು. ಒಳಗಿನವರಿಗೂ ಅವನಿಗೂ ಮಾತಿಲ್ಲ ಕತೆಯಿಲ್ಲ. ಹಿಂದೆ ಕದವಿಲ್ಲದ ತೆರೆದ ಕಟ್ಟೆ, ಹಿಡಿದುಕೊಳ್ಳಲು ಒಂದು ಕಂಬ. ಅಲ್ಲಿ ನಿಂತ ಕಂಡಕ್ಟರ್ ಒಂದು ಗಂಟೆ ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು, ಮೂರು ಹೊಡೆದರೆ ಬಸ್ಸು ತುಂಬಿದೆ, ಯಾರನ್ನೂ ಹತ್ತಿಸಬೇಡ. ಅದೇ ಗಂಟೆಯನ್ನು ಹೊಡೆಯಲು ಮೇಲಂತಸ್ತಿನಲ್ಲೂ ಒಂದು ಗುಂಡಿ. ಗೂಡಿನಲ್ಲಿ ಕುಳಿತವನಿಗೆ ಗಂಟೆಯೇ ಕಣ್ಣು. ಮುಂದೆ ಊರಿನ ಹೆಸರು ತೋರಿಸುವ ಬಟ್ಟೆಯ ಸುರುಳಿ ಮಾತ್ರ ಎಂದೋ ಸಿಕ್ಕಿಹಾಕಿಕೊಂಡು ಬರ್ನ್ಲಿ ಎಂಬ ಯಾವುದೋ ಇಂಗ್ಲಿಷ್ ಊರಿನಲ್ಲೇ ನಿಂತುಬಿಟ್ಟಿತ್ತು. ಅದನ್ನೇ ತಮ್ಮ ನಾಲಿಗೆಗೆ ಹೊಂದಿಸಿಕೊಂಡು ಲಿಕೋನಿಯಿಂದ ಮ್ಸಾಂಬ್ವೇನಿಯವರೆಗಿನ ಜನ ಈ ಬಸ್ಸನ್ನು ಬನಿಲಿ ಎಂದೇ ಕರೆಯುತ್ತಿದ್ದರು.

"ಈ ಬಸ್ಸು ನನ್ನ ಗಂಡನದಾಗಿದ್ದ ಕಾಲದ್ದು ಕೇಳು" ಎಂದಳು ಬೀ ಮ್ವಾನಾಮೀಸಿ. ಬೆಂಕಿಯ ಕಡೆ ನೋಡದೆ, ಬಸ್ಸಿನ ಕಡೆಯೂ ನೋಡದೆ, ನಡುವಿನ ಗಾಳಿಗೆ ಹೇಳಿದಳು. "ಮೇಜುಮಾ ಅಂತ ಒಬ್ಬಳು. ಮಂತ್ರ ಕಲಿತೋಳು. ಮ್ಬುಯು ಮರದ ತಿರುವಿನಲ್ಲಿ ಅವಳ ಮನೆ. ಒಂದು ಸಂಜೆ ಮೇಲಂತಸ್ತಿನಿಂದ ಒಂದು ಗಂಟೆ ಹೊಡೆದಳು. ಇಲ್ಲಿ ಸ್ಟಾಪಿಲ್ಲ ಅಂತ ಡ್ರೈವರ್ ನಿಲ್ಲಿಸಲಿಲ್ಲ. ಮತ್ತೆ ಹೊಡೆದಳು. ನಿಲ್ಲಿಸಲಿಲ್ಲ. ಹಿಂದಿನಿಂದ ಹಾರಿದಳು. ಸಾಯೋ ಮೊದಲು ಹೇಳಿದಳಂತೆ, ನನ್ನನ್ನ ಇಳಿಸದ ಬಸ್ಸಿಂದ ಯಾರೂ ಇಳಿಯದೇ ಹೋಗಲಿ ಅಂತ."

"ಆಮೇಲೆ?"

"ಆಮೇಲೆ ಇಳೀಲಿಲ್ಲ. ಹತ್ತಿದೋರ ಮೈ ಇಳೀತಿತ್ತು, ಜೀವ ಇಳೀತಿರಲಿಲ್ಲ. ನನ್ನ ಗಂಡ ಕ್ವಾಲೆ ಬೆಟ್ಟದ ಮಂತ್ರವಾದಿನ ಕರೆಸಿದ. ಬಿಡಿಸೋಕೆ ಆಗಲ್ಲ, ಕಟ್ಟಿಡಬಹುದು ಅಂದ ಅವನು. ಕಟ್ಟಿದ. ನೀನು ಸುಟ್ಟೆ." ಮುದುಕಿ ಈಗ ನೆಕೇಸಾಳ ಮಣಿಕಟ್ಟು ಹಿಡಿದಳು. ಅವಳ ಬೆರಳುಗಳು ತಣ್ಣಗಿದ್ದವು. "ಇನ್ನು ಒಂದೇ ದಾರಿ. ಸಂಜೆ ಆ ಮರದ ಹತ್ತಿರ ಗಂಟೆ ಆದರೆ ನಿಲ್ಲಿಸು. ತಿರುಗಿ ನೋಡಬೇಡ. ಇಳಿಯೋರನ್ನ ಇಳಿಯೋಕೆ ಬಿಡು, ಯಾರೇ ಆಗಿರಲಿ. ಗಂಟೆ ಎರಡು ಸಲ ಹೊಡೆದಮೇಲೆ ಹೊರಡು."

ನೆಕೇಸಾ ನಕ್ಕುಬಿಟ್ಟಳು. ನಗುತ್ತಲೇ ಲೆಕ್ಕ ಹಾಕಿದಳು. ಬಸ್ಸನ್ನು ಮಾರಿದವನು ಮುದುಕಿಯ ಅಳಿಯ, ಮುದುಕಿಗೆ ಮನಸ್ಸಿರಲಿಲ್ಲ. ಕೊಂಡವನು ಉಕುಂಡಾದ ವ್ಯಾಪಾರಿ. ಅವನ ಮೇಲೆ ಹೊಟ್ಟೆಕಿಚ್ಚಿರುವ ಮಟಾಟು ವ್ಯಾನಿನ ಮಾಲೀಕರು ಹತ್ತಾರು. ಇಷ್ಟು ಜನರ ನಡುವೆ ಒಂದು ದೆವ್ವ ಹುಟ್ಟದಿದ್ದರೇ ಆಶ್ಚರ್ಯ. ಕರಾವಳಿಯವರ ಮಾತಿನಲ್ಲಿ ಎಣ್ಣೆ ಜಾಸ್ತಿ, ಹಿಡಿಯಲು ಹೋದರೆ ಜಾರುತ್ತದೆ ಎಂದು ತನ್ನೂರು ಬಂಗೋಮಾದಿಂದ ಹೊರಟಾಗಲೇ ಅವಳಿಗೆ ಯಾರೋ ಹೇಳಿದ್ದರು. ಯಾರೂ ಹೇಳದಿದ್ದರೂ ಅವಳು ನಂಬುವವಳಲ್ಲ. ಡೀಸೆಲ್ ಟ್ಯಾಂಕಿಗೆ ಬೆಳಿಗ್ಗೆ ಸಂಜೆ ಕಡ್ಡಿ ಇಳಿಸಿ ನೋಡುವವಳು, ಬಾಗಿಲಿಗೆ ಬೀಗ ಹಾಕಿ ಮತ್ತೆ ಎಳೆದು ನೋಡುವವಳು ಅವಳು.

"ನಮ್ಮಕ್ಕನಿಗೆ ಅವಳ ನೆರಳಿನ ಮೇಲೂ ಅನುಮಾನ ಅಜ್ಜಿ" ಎಂದ ಬಾರಾಸಾ, ಹಿಂದಿನ ಕಟ್ಟೆಯ ಮೇಲಿನಿಂದ. "ಮಧ್ಯಾಹ್ನದ ಹೊತ್ತು ಅದು ಸಣ್ಣದಾಗುತ್ತಲ್ಲ, ಉಳಿದಿದ್ದನ್ನ ಯಾರು ಕದ್ದರು ಅಂತ ಕೇಳ್ತಾಳೆ."

ಬಾರಾಸಾ ಅವಳ ತಮ್ಮ. ತಾಯಿ ತೀರಿಕೊಂಡಾಗ ಇನ್ನೂ ಅಂಬೆಗಾಲಿನಲ್ಲಿದ್ದವನನ್ನು ಬೆನ್ನಿಗೆ ಕಟ್ಟಿಕೊಂಡೇ ಅವಳು ಜೋಳದ ಹೊಲದಲ್ಲಿ ಕಳೆ ಕಿತ್ತಿದ್ದಳು, ನೀರು ಹೊತ್ತಿದ್ದಳು, ಲಾರಿ ಶೆಡ್ಡಿನಲ್ಲಿ ನಟ್ಟು ಬೋಲ್ಟು ತೊಳೆದು ಡ್ರೈವಿಂಗ್ ಕಲಿತಿದ್ದಳು. ಅವಳಿಗೆ ಬೇರೆ ಮನೆಯಿಲ್ಲ, ಮಕ್ಕಳಿಲ್ಲ. ಇರುವವನು ಅವನೊಬ್ಬ, ಬೆಳೆದು ಆರಡಿಯಾದ, ಊರೆಲ್ಲ ಮಾತಾಡಿಸುವ, ಒಂದೂ ಕೆಲಸದಲ್ಲಿ ನಿಲ್ಲದ ತಮ್ಮ. ಹೆಂಗಸಿನ ಕೈಗೆ ಯಾರೂ ಲಾರಿ ಕೊಡದಿದ್ದಾಗ, ಊರಿನ ಡ್ರೈವರುಗಳೆಲ್ಲ ಒಲ್ಲೆನೆಂದ ಈ ಬಸ್ಸು ಅವಳಿಗೆ ಸಿಕ್ಕಿತ್ತು. ಕಂಡಕ್ಟರ್ ನನ್ನ ತಮ್ಮನೇ ಆಗಬೇಕು ಎಂಬುದೊಂದೇ ಅವಳ ಷರತ್ತು. ಕಣ್ಣಮುಂದೆ ಇರುತ್ತಾನೆ ಎಂದುಕೊಂಡಿದ್ದಳು. ಈ ಬಸ್ಸಿನಲ್ಲಿ ಕಂಡಕ್ಟರ್ ಡ್ರೈವರನ ಬೆನ್ನ ಹಿಂದೆ ಇರುತ್ತಾನೆ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಬನಿಲಿ ಓಡಿತು. ಚೆನ್ನಾಗಿಯೇ ಓಡಿತು. ತೆಂಗಿನ ಗರಿಗಳು ಮೇಲಂತಸ್ತಿನ ಕಿಟಕಿಗಳನ್ನು ಸವರಿ ಹಸಿ ವಾಸನೆ ಬಿಡುತ್ತಿದ್ದವು. ಕಸಾವಾ ಗೆಣಸು, ಮೀನಿನ ಬುಟ್ಟಿ, ಕೋಳಿ, ಬುರ್ಖಾ, ಶಾಲೆಯ ಟೀಚರು ಎಲ್ಲ ಹತ್ತಿದವು, ಇಳಿದವು. ಗಂಟೆ ಹೊಸ ಪಾತ್ರೆಯಂತೆ ಕಿಣಿ ಎನ್ನುತ್ತಿತ್ತು. ಬಾರಾಸಾ ಅದನ್ನು ಹೊಡೆಯುವ ಸೊಗಸಿಗೇ ಹುಡುಗಿಯರು ಕೆಳಗಿನ ಕಂಬ ಹಿಡಿದು ನಿಲ್ಲುತ್ತಿದ್ದರು.

ಮೊದಲ ಸಂಜೆ ಟಿವಿ ಎಂಬ ಊರು ದಾಟಿದ ಮೇಲೆ, ಆನೆಯ ಹೊಟ್ಟೆಯಂಥ ಕಾಂಡದ ಮ್ಬುಯು ಮರ ತಿರುವಿನಲ್ಲಿ ಕಾಣಿಸಿದಾಗ, ಕಿಣಿ. ಒಂದೇ ಗಂಟೆ.

ಸುತ್ತ ಮನೆಯಿಲ್ಲ, ಸ್ಟಾಪಿಲ್ಲ, ಬೀದಿದೀಪವಿಲ್ಲ. ನೆಕೇಸಾ ಹಲ್ಲು ಕಚ್ಚಿ ಗಾಡಿ ಓಡಿಸಿದಳು. ಮತ್ತೊಮ್ಮೆ, ಕಿಣಿ. ಅವಳು ನಿಲ್ಲಿಸಲಿಲ್ಲ.

ಕೊನೆಯ ಸ್ಟಾಪಿನಲ್ಲಿ ಹಿಂದಕ್ಕೆ ಹೋಗಿ ಕೇಳಿದಳು. "ಮುದುಕಿಯ ಕತೆ ಕೇಳಿ ತಮಾಷೆನಾ?"

"ಯಾವ ತಮಾಷೆ?"

"ಮರದ ಹತ್ತಿರ ಗಂಟೆ ಹೊಡೆದೆಯಲ್ಲ."

"ನಾನೆಲ್ಲಿ ಹೊಡೆದೆ? ನೀನೇ ಕೇಳಿಸ್ಕೊಂಡಿರಬೇಕು. ಕಿವಿಗೂ ಬೀಗ ಹಾಕ್ಕೊಂಡು ಎಳೆದು ನೋಡು ಅಕ್ಕ."

ಅವನ ಕಣ್ಣುಗಳನ್ನು ಅವಳು ಸ್ವಲ್ಪ ಜಾಸ್ತಿ ಹೊತ್ತು ನೋಡಿದಳು.

ಆ ವಾರವೇ ಮೀನು ಮಾರುವ ಮ್ವಾನಾಶಾ ತನ್ನ ಸ್ಟಾಪಿನಲ್ಲಿ ಇಳಿಯಲಿಲ್ಲ. ಮ್ಸಾಂಬ್ವೇನಿಯಲ್ಲಿ ಬಸ್ಸು ಖಾಲಿಯಾದ ಮೇಲೆ ಬಾರಾಸಾ ಮೇಲೆ ಹೋಗಿ ನೋಡಿದರೆ, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಕಣ್ಣು ತೆರೆದೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತುಂಬಿದ ಕೊಡವನ್ನು ಇಳಿಸಿದಂತೆ ಇಳಿಸಬೇಕಾಯಿತು. ಅದರ ಮರುದಿನ ಒಬ್ಬ ದರ್ಜಿ. ಆಮೇಲೆ ಇನ್ನಿಬ್ಬರು. ಎಲ್ಲರೂ ಮೇಲಂತಸ್ತಿನವರೇ.

ಸ್ಟೇರಿಂಗ್ ಭಾರವಾಗತೊಡಗಿದ್ದೂ ಆಗಲೇ. ಡ್ರೈವರಿಗೆ ಗಾಡಿಯ ಹೊಟ್ಟೆ ತುಂಬಿದೆಯೋ ಖಾಲಿಯೋ ಎಂಬುದು ಪೃಷ್ಠಕ್ಕೇ ಗೊತ್ತಾಗುತ್ತದೆ. ಬ್ರೇಕು ಹಿಡಿಯುವ ದೂರ, ಇಳಿಜಾರಿನಲ್ಲಿ ಬೆನ್ನಿಗೆ ಒತ್ತುವ ತಳ್ಳು, ಹೊಂಡಕ್ಕೆ ಇಳಿದಾಗ ಬಸ್ಸಿನಡಿಯ ಸ್ಪ್ರಿಂಗ್ ಪಟ್ಟೆಗಳು ನರಳುವ ರೀತಿ. ಸಂಜೆಯ ಕೊನೆಯ ಸುತ್ತಿನಲ್ಲಿ, ನಾಲ್ಕೇ ಜನ ಕೂತಿದ್ದಾರೆಂದು ಬಾರಾಸಾ ಹೇಳುವ ಬಸ್ಸು, ತುಂಬಿದ ಬಸ್ಸಿನಂತೆ ತಿರುವಿನಲ್ಲಿ ಓಲುತ್ತಿತ್ತು. ಮೇಲಿನಿಂದ ಓಲುತ್ತಿತ್ತು. ಕತ್ತಲಾದ ಮೇಲೆ ಒಳಗಿನ ದೀಪ ಕಣ್ಣಿಗೆ ಹೊಡೆಯದಿರಲೆಂದು ಗೂಡಿನ ಹಿಂದಿನ ಗಾಜಿಗೆ ಪರದೆ ಎಳೆಯುವುದು ರೂಢಿ. ಆ ಪರದೆಯ ಆಚೆ ಏನು ನಡೆಯುತ್ತಿದೆ? ನೆಕೇಸಾಳ ತಲೆಯಲ್ಲಿ ಒಂದೇ ಉತ್ತರ ಬೇರು ಬಿಡುತ್ತಿತ್ತು. ಬಾರಾಸಾ ಯಾರನ್ನೋ ಕದ್ದು ಸಾಗಿಸುತ್ತಿದ್ದಾನೆ. ಸೊಮಾಲಿಯಾದ ಕಡೆಯ ಜನವೋ, ಗಡಿಯಾಚೆಯ ಮಾಲೋ. ಹತ್ತಿದವರಿಗೆ ಏನೋ ತಿನ್ನಿಸಿ ಮಂಕು ಹಿಡಿಸುತ್ತಿದ್ದಾನೆ.

ಮ್ವಾನಾಶಾಳ ಗಂಡ ಒಂದು ಬೆಳಿಗ್ಗೆ ಬಸ್ಸಿಗೆ ಅಡ್ಡ ನಿಂತ. ಸಿಟ್ಟಿರಲಿಲ್ಲ ಅವನಲ್ಲಿ, ಅದೇ ಹೆಚ್ಚು ಹೆದರಿಸಿತು.

"ತಾಯಿ, ನನ್ನ ಹೆಂಡತಿ ಮಂಚದ ಮೇಲೆ ಕೂತಿದಾಳೆ. ಕೈ ಹೀಗೆ." ಅವನು ಗಾಳಿಯಲ್ಲಿ ಕಂಬಿ ಹಿಡಿದು ತೋರಿಸಿದ. "ಮಗು ಅತ್ತರೆ ಆ ಕಡೆ ನೋಡಲ್ಲ. ಬಸ್ಸು ಯಾವಾಗ ನಿಲ್ಲುತ್ತೆ ಅಂತ ನನ್ನನ್ನ ಕೇಳ್ತಾಳೆ. ಯಾವಾಗ ನಿಲ್ಲಿಸ್ತೀಯ, ಹೇಳು. ಅಷ್ಟು ಹೇಳಿ ಬರ್ತೀನಿ."

ಆ ಮಧ್ಯಾಹ್ನ ನೆಕೇಸಾ ತಮ್ಮನ ಜೇಬುಗಳನ್ನು ತಡಕಿದಳು. ಅವನು ಸ್ನಾನಕ್ಕೆ ಹೋಗಿದ್ದ, ಬಂದವನು ನೋಡಿದ. ಜೇಬಿನಲ್ಲಿ ಇದ್ದದ್ದು ಶೇಂಗಾ, ಒಂದು ಬಾಚಣಿಗೆ.

"ಏನು ಹುಡುಕ್ತಿದೀಯ?"

"ಮೇಲೆ ಯಾರನ್ನ ಕೂರಿಸ್ತಿದೀಯ ಬಾರಾಸಾ?"

ಅವನು ನಗಲಿಲ್ಲ. ಮೊದಲ ಬಾರಿ ನಗಲಿಲ್ಲ. "ಅಕ್ಕ, ನಾನೂ ನಿನ್ನನ್ನ ಅದೇ ಕೇಳಬೇಕು ಅಂತಿದ್ದೆ. ಮೇಲಂತಸ್ತಿಗೆ ಹೋಗೋಕೆ ನನಗೆ ಆಗ್ತಿಲ್ಲ. ಹೋದರೆ ಕೂರೋಣ ಅನ್ಸುತ್ತೆ. ಎದ್ದು ಬರೋಕೆ ಮನಸ್ಸಾಗಲ್ಲ. ಆ ಅಜ್ಜಿ ಹೇಳಿದ ಹಾಗೆ ಒಂದು ಸಲ ನಿಲ್ಲಿಸಿ ನೋಡೋಣ."

"ಸಿಕ್ಕಿಬಿದ್ದ ಮೇಲೆ ದೆವ್ವದ ಕತೆನಾ?"

ಅವನ ಮುಖ ಸಣ್ಣದಾಯಿತು. ಚಿಕ್ಕವನಿದ್ದಾಗ ಹೊಡೆದರೆ ಆಗುತ್ತಿದ್ದಂತೆ.

ಸಂಜೆಯ ಸುತ್ತಿಗೆ ಲಿಕೋನಿಯಲ್ಲಿ ಒಬ್ಬರೂ ಹತ್ತಲಿಲ್ಲ. ಸುದ್ದಿ ಹಬ್ಬಿತ್ತು. ಜನ ಬನಿಲಿಯನ್ನು ಕಂಡು ದಾರಿಯ ಆಚೆ ಬದಿಗೆ ದಾಟಿದರು. ಹೆಂಗಸೊಬ್ಬಳು ಮಗುವಿನ ಕಣ್ಣು ಮುಚ್ಚಿದಳು. ಖಾಲಿ ಬಸ್ಸು ಹೊರಟಿತು. ಖಾಲಿ ಬಸ್ಸು ಏದುಸಿರು ಬಿಟ್ಟಿತು. ಸಣ್ಣ ಏರಿಗೂ ಅವಳು ಗೇರು ಇಳಿಸಬೇಕಾಯಿತು. ವಾ ಎಂಬ ಹಳ್ಳಿ ದಾಟುತ್ತಲೇ ನೆಕೇಸಾ ಗಾಡಿ ನಿಲ್ಲಿಸಿ ಹಿಂದಕ್ಕೆ ನಡೆದಳು. ಎಲ್ಲಿಂದಲೋ ಸೂರ್ಯ ಮುಳುಗಿದ ಹೊತ್ತಿನ ಮಗ್ರಿಬ್ ಪ್ರಾರ್ಥನೆಯ ಕೂಗು ಬರುತ್ತಿತ್ತು. ಆ ಹೊತ್ತಿಗೆ ಈ ಕಡೆಯ ಜನ ಕಿಟಕಿ ಮುಚ್ಚುತ್ತಾರೆ.

"ಹತ್ತು ಮೇಲೆ" ಎಂದಳು ತಮ್ಮನಿಗೆ. "ಮ್ಸಾಂಬ್ವೇನಿವರೆಗೂ ಅಲ್ಲೇ ಕೂತಿರು. ಯಾರು ಗಂಟೆ ಹೊಡೀತಾರೆ ನೋಡು. ಯಾರೂ ಇಲ್ಲ ಅಂತ ಮತ್ತೆ ನನಗೆ ಹೇಳಿದೆಯೋ, ನಾಳೆ ಬೆಳಿಗ್ಗೆ ಬಂಗೋಮಾ ರೈಲು ಹತ್ತಿಸ್ತೀನಿ."

"ಬೇಡ ಅಕ್ಕ."

"ಯಾಕೆ? ಯಾರಾದರೂ ಇದ್ದಾರಾ?"

ಬಾರಾಸಾ ಕಂಬ ಹಿಡಿದ. ಆಮೇಲೆ, ಅವಳಿಗಾಗಿಯೇ ಎಂಬಂತೆ, ಹಳೆಯ ನಗೆ ತಂದುಕೊಂಡ. "ಸರಿ ಮಹಾರಾಣಿ. ಮೇಲೆ ಗಾಳಿನಾದರೂ ಚೆನ್ನಾಗಿರುತ್ತೆ." ಸುತ್ತುಮೆಟ್ಟಿಲಿನಲ್ಲಿ ಅವನ ಹೆಜ್ಜೆ ಸದ್ದಾಯಿತು. ಅವಳು ತಲೆಯೆತ್ತಿ ನೋಡಿದಳು. ಮೇಲೆ ಕತ್ತಲು. ಮೀನು, ಸೀಮೆಸುಣ್ಣ, ಬೆವರು, ಇಸ್ತ್ರಿಯ ಬಟ್ಟೆ, ಎಲ್ಲ ಬೆರೆತ ವಾಸನೆ; ಸಂತೆಯ ದಿನದ ಬಸ್ಸಿನ ವಾಸನೆ. ಅವನ ಹೆಜ್ಜೆ ಮುಂದಕ್ಕೆ ಹೋಯಿತು. ನಿಂತಿತು. ಸೀಟಿನ ಸ್ಪ್ರಿಂಗು ಕಿರ್ ಎಂದಿತು.

ಒಂದರ ಹಿಂದೆ ಒಂದು, ಎಲ್ಲ ಸೀಟುಗಳೂ ಕಿರ್ ಎಂದವು. ಜರುಗಿ ಜಾಗ ಕೊಟ್ಟಂತೆ.

ಗಾಳಿಗೆ ಆಗಿರಬೇಕು. ಅವಳು ಗೂಡು ಹತ್ತಿ ಬಾಗಿಲೆಳೆದುಕೊಂಡಳು. ಕಿಣಿ. ಕಿಣಿ. ಕಿಣಿ.

ಮೂರು. ಬಸ್ಸು ತುಂಬಿದೆ.

ತಮಾಷೆ ಮಾಡುತ್ತಿದ್ದಾನೆ. ಅವನೇ ಮಾಡುತ್ತಿದ್ದಾನೆ. ಗೇರು ಹಾಕಿದಳು. ಬಸ್ಸು ಕದಲಿತು, ಮಣ್ಣಿನಿಂದ ಕಿತ್ತು ಬಂದಂತೆ ಕದಲಿತು. ಹೆಡ್‌ಲೈಟಿನ ಹಳದಿಯಲ್ಲಿ ರಸ್ತೆ ಮಾತ್ರ ಕಂಡಿತು. ಟಿವಿ ಊರಿನ ಅಂಗಡಿಗಳು ಮುಚ್ಚಿದ್ದವು. ಎಂಜಿನ್ನಿನ ಸದ್ದಿನ ಮೇಲೆ ಅವಳು ಕೂಗಿದಳು, "ಬಾರಾಸಾ!" ಗೂಡಿನ ಚಾವಣಿಗೆ ಮುಷ್ಟಿಯಿಂದ ಗುದ್ದಿದಳು. ಅವನು ಕೂತಿರುವುದು ಅದರ ನೇರ ಮೇಲೆ. "ಬಾರಾಸಾ, ಕಾಲಾದರೂ ಬಡಿ!"

ಬಡಿಯಲಿಲ್ಲ.

ತಿರುವು ಬಂತು. ಮರ ಬಂತು. ಕಿಣಿ.

ಒಂದೇ.

ಬ್ರೇಕು ಒತ್ತಿದ್ದು ನಂಬಿಕೆಯಿಂದಲ್ಲ. ತಮ್ಮನಿಗಾಗಿ. ಬಸ್ಸು ಉಜ್ಜುತ್ತ, ಓಲುತ್ತ, ಮ್ಬುಯು ಮರದ ಬುಡಕ್ಕೆ ಬಂದು ನಿಂತಿತು. ಎಂಜಿನ್ನು ತಾನಾಗಿಯೇ ಆರಿತು. ಮಿಡತೆಗಳ ಸದ್ದೂ ಇಲ್ಲ. ದೂರದಲ್ಲಿ ಸಮುದ್ರ, ಅಷ್ಟೆ.

ಪಟ್ಟೆಗಳು ಕಿರುಗುಟ್ಟಿದವು. ಬಸ್ಸು ಬೆರಳಿನಷ್ಟು ಮೇಲೆದ್ದಿತು. ಯಾರೋ ಇಳಿದರು.

ಮತ್ತೆ ಕಿರುಗುಟ್ಟಿದವು. ಮತ್ತೊಬ್ಬರು.

ಅವಳು ತಿರುಗಲಿಲ್ಲ. ಮೀನಿನ ವಾಸನೆ ಗೂಡಿನ ಪಕ್ಕದಲ್ಲೇ ಹಾದು ಕತ್ತಲಿಗೆ ಹೋಯಿತು. ಇಸ್ತ್ರಿ ಬಟ್ಟೆಯ ವಾಸನೆ ಹೋಯಿತು. ಒಂದೊಂದು ಇಳಿತಕ್ಕೂ ಸ್ಟೇರಿಂಗ್ ಅವಳ ಕೈಯಲ್ಲಿ ಹಗುರಾಗುತ್ತಿತ್ತು. ಮುದುಕಿ ಸುಳ್ಳು ಹೇಳಿರಲಿಲ್ಲ. ನಿಜ ಹೇಳಿದ್ದಳು. ಹಾಗಾದರೆ ಬಾರಾಸಾ?

ಹೆಜ್ಜೆ ಸದ್ದು. ಈಗ ನಿಜವಾದ ಸದ್ದು, ಮೈಭಾರವಿದ್ದ ಸದ್ದು. ಸುತ್ತುಮೆಟ್ಟಿಲಿನಲ್ಲಿ ನಿಧಾನವಾಗಿ ಬರುತ್ತಿತ್ತು. ಆ ಹೆಜ್ಜೆ ಅವಳಿಗೆ ಗೊತ್ತು. ನಡೆಯಲು ಕಲಿಸಿದವಳೇ ಅವಳು.

ಇಳಿಯುವವರನ್ನು ಬಿಡು, ಯಾರೇ ಆಗಿರಲಿ. ಯಾರೇ ಆಗಿರಲಿ ಎಂದರೆ? ಇವರೆಲ್ಲ ಹೋಗುತ್ತಿರುವುದು ಎಲ್ಲಿಗೆ? ಇದನ್ನು ಹೇಳಿದವಳು ಯಾರು? ಬಸ್ಸು ಕಳೆದುಕೊಂಡವಳು. ಇದಕ್ಕಾಗಿಯೇ ಹೇಳಿದ್ದರೆ? ಇವನನ್ನು ಕೊಡಿಸಲಿಕ್ಕೆಂದೇ ಹೇಳಿದ್ದರೆ?

ನೆಕೇಸಾ ಗೂಡಿನಿಂದ ಹಾರಿದಳು.

ಬಾರಾಸಾ ಕೊನೆಯ ಮೆಟ್ಟಿಲಿನಲ್ಲಿದ್ದ. ಕಣ್ಣು ತೆರೆದಿತ್ತು. ಮುಖ ಮರದ ಕಡೆ. ಒಂದು ಕಾಲು ಕಟ್ಟೆಯ ಅಂಚಿನಿಂದಾಚೆ ಗಾಳಿಯಲ್ಲಿತ್ತು. ಮರದ ಬುಡದಲ್ಲಿ ಕತ್ತಲಿಗಿಂತ ಕಪ್ಪಾಗಿ ಏನೋ ನಿಂತಿತ್ತು, ಮುದುಕಿಯ ಎತ್ತರ, ಕೈ ಮುಂದೆ ಚಾಚಿತ್ತು. ಬಾ ಎಂದಿತೋ, ಹೋಗು ಎಂದಿತೋ. ಅವಳು ನೋಡುತ್ತ ನಿಲ್ಲಲಿಲ್ಲ. ತಮ್ಮನ ಸೊಂಟಕ್ಕೆ ತೋಳು ಹಾಕಿದಳು. ಎಳೆದಳು. ಅವನು ಮುಂದಕ್ಕೆ ವಾಲಿದ. ಅವಳು ಹಿಂದಕ್ಕೆ. ಅವನ ಗಂಟಲಿನಿಂದ ಒಂದು ಸದ್ದು ಬಂತು, ಬೇಡವೆಂಬಂತೆ. ಅವಳು ಹಲ್ಲು ಕಚ್ಚಿದಳು. ಬಿಡೆನು. ಬಿಡೆನು. ಇಬ್ಬರೂ ಕಟ್ಟೆಯ ಮೇಲೆ ಬಿದ್ದರು. ಗಾಳಿಯಲ್ಲಿದ್ದ ಕಾಲು ಒಳಗೆ ಬಂತು.

ಮರದ ಬುಡದಲ್ಲಿದ್ದದ್ದು ಕೈ ಇಳಿಸಿತು.

ಅವಳೇ ಎದ್ದು ಗಂಟೆ ಹೊಡೆದಳು. ಎರಡು. ಗೂಡಿಗೆ ಓಡಿದಳು. ಬಸ್ಸು ಹೂವಿನಂತೆ ಹಗುರಾಗಿ ಹೊರಟಿತು. ಗೆದ್ದೆ ಎಂದುಕೊಂಡಳು. ದಾರಿಯುದ್ದಕ್ಕೂ ಅಳುತ್ತ, ನಗುತ್ತ ಅದನ್ನೇ ಅಂದುಕೊಂಡಳು.

ಬೆಳಿಗ್ಗೆ ಬೀ ಮ್ವಾನಾಮೀಸಿ ಬಂದಾಗ ಬನಿಲಿ ಉಕುಂಡಾದ ಶೆಡ್ಡಿನ ಮುಂದೆ ನಿಂತಿತ್ತು. ಸುತ್ತ ಜನ. ನಾಲ್ಕು ಮಂದಿ ಗಂಡಸರು ಬಾರಾಸಾನನ್ನು ಎತ್ತಿ ಇಳಿಸಲು ನೋಡಿ ಸೋತು ಕೂತಿದ್ದರು. ಬಸ್ಸಿನೊಳಗೆ ಅವನು ಓಡಾಡುತ್ತಿದ್ದ, ಚಹಾ ಕುಡಿದ, ಹೆಸರು ಹಿಡಿದು ಮಾತಾಡಿಸಿದ. ಕಟ್ಟೆಯ ಅಂಚಿಗೆ ಬಂದರೆ ಮಾತ್ರ ಕಾಲು ಹೂತಿಟ್ಟ ಕಂಬ. ಬಲವಂತ ಮಾಡಿದಾಗ ಮೂಗಿನಿಂದ ರಕ್ತ ಸುರಿಯಿತು, ಉಸಿರು ನಿಂತಿತು. ಒಳಗೆ ಬಿಟ್ಟೊಡನೆ ಸರಿಹೋಯಿತು.

ಮುದುಕಿ ಅವನನ್ನು ನೋಡಿದಳು. ಆಮೇಲೆ ನೆಕೇಸಾಳ ಪಕ್ಕ ನೆಲದಲ್ಲೇ ಕೂತಳು.

"ಮ್ವಾನಾಶಾ ಬೆಳಿಗ್ಗೆ ಎದ್ದು ಮಗುಗೆ ಹಾಲು ಕೊಟ್ಟಳು" ಎಂದಳು. "ದರ್ಜಿ ಅಂಗಡಿ ತೆಗೆದ. ಎಲ್ಲರೂ ಮನೆಗೆ ಬಂದರು."

"ಅಂದರೆ..."

"ನನ್ನ ಗಂಡನೂ ಒಂದು ಸಲ ಅಲ್ಲಿ ಇಳಿದಿದ್ದ. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದು ನಡೆದು ಬಂದ. ಎರಡು ದಿನ ಜ್ವರ, ಅಷ್ಟೆ. ಅದು ಇಳಿಯೋ ಜಾಗ ಮಗಳೇ. ಮೇಜುಮಾಗೆ ಸಿಗದ ಜಾಗ. ತನಗೆ ಸಿಗದೇ ಇದ್ದದ್ದನ್ನ ಅವಳು ಉಳಿದೋರಿಗೆ ಕೊಡ್ತಾ ನಿಂತಿರ್ತಾಳೆ, ಕೇಳಿದರೆ." ಮುದುಕಿಯ ದನಿಯಲ್ಲಿ ಬೈಗುಳವಿರಲಿಲ್ಲ. "ಇಳೀತಿದ್ದೋನನ್ನ ಯಾಕೆ ಹಿಡಿದೆ?"

"ನಿನ್ನನ್ನ ನಂಬಲಿಲ್ಲ ಅಜ್ಜಿ" ಎಂದಳು ನೆಕೇಸಾ.

ಅಂದಿನಿಂದ ದಿನವೂ ಸಂಜೆ ಅವಳು ಮರದ ಬುಡದಲ್ಲಿ ಬಸ್ಸು ನಿಲ್ಲಿಸಿದಳು. ದೀಪ ಆರಿಸಿ, ತಿರುಗದೆ, ಕಾದಳು. ಮೇಲಿನಿಂದ ಗಂಟೆಯಾಗಲಿಲ್ಲ. ಮರದ ಬುಡದಲ್ಲಿ ಯಾರೂ ನಿಲ್ಲಲಿಲ್ಲ. ಒಂದು ಸಂಜೆ ತಡೆಯಲಾರದೆ ಮೇಲೆ ಹತ್ತಿದಳು. ಬಾರಾಸಾ ಮುಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ. ಮೈ ಸಣ್ಣಗಾಗಿತ್ತು. ಕೆನ್ನೆಯ ಮೂಳೆ ಕಾಣುತ್ತಿತ್ತು.

"ಗಂಟೆ ಹೊಡೆಯೋ ಬಾರಾಸಾ. ಒಂದೇ ಒಂದು ಸಲ. ನಿನ್ನ ಕಾಲಿಗೆ ಬೀಳ್ತೀನಿ, ಇಳಿದುಬಿಡೋ."

ಅವನು ಅವಳ ಕಡೆ ತಿರುಗಿ, ಮಗುವಿಗೆ ಸಮಾಧಾನ ಹೇಳುವವನಂತೆ ಮುಗುಳ್ನಕ್ಕ. "ಅಳಬೇಡ ಅಕ್ಕ. ನಮ್ಮೂರು ಇನ್ನೂ ಬಂದಿಲ್ಲವಲ್ಲ. ಬಂದಾಗ ಇಳೀತೀನಿ."

ಆ ಮಾತು ಹೇಳಿದ್ದು ಅವನೇ? ಅವನ ಬಾಯಿಂದ ಬಸ್ಸು ಹೇಳಿತೇ? ಅವಳು ಅವನ ಕಣ್ಣುಗಳನ್ನು ಹುಡುಕಿದಳು. ಗೊತ್ತಾಗಲಿಲ್ಲ. ಇನ್ನೆಂದೂ ಗೊತ್ತಾಗದು ಎಂಬುದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಅವಳು ಯಾರಿಗೂ ಹೇಳದೆ ಹೊರಟಳು. ಬಸ್ಸಿನ ಹೊಟ್ಟೆ ತುಂಬ ಡೀಸೆಲ್ ಹಾಕಿಸಿ, ಹಿಂದಿನ ಕಟ್ಟೆಗೆ ಅಡ್ಡ ಸರಪಳಿ ಬಿಗಿದು, ವಾಹನಗಳನ್ನು ದಾಟಿಸುವ ಲಿಕೋನಿಯ ದೊಡ್ಡ ದೋಣಿಗೆ ಬನಿಲಿ ಹತ್ತಿಸಿದಳು. ಬಂಗೋಮಾ ಇರುವುದು ದೇಶದ ಆ ತುದಿಯಲ್ಲಿ. ಬೆಟ್ಟ, ಬಯಲು, ನೈರೋಬಿ, ಕಣಿವೆ ದಾಟಬೇಕು. ಇಲ್ಲಿ ಹತ್ತಿದವರಿಗೆ ಇಳಿಯಲು ಮ್ಬುಯು ಮರವಿತ್ತು. ಆ ದಾರಿಯಲ್ಲಿ ಅಂಥ ಜಾಗ ಇಲ್ಲ. ಅದನ್ನು ಅವಳು ಬಲ್ಲಳು. ಅದಕ್ಕೇ ಒಬ್ಬರನ್ನೂ ಹತ್ತಿಸಬಾರದೆಂದು ನಿಶ್ಚಯಿಸಿದ್ದಳು. ದೋಣಿಯಲ್ಲಿ ಬಸ್ಸಿನ ಸುತ್ತ ಜನ ಒತ್ತಿ ನಿಂತರು. ಮೂಟೆ ಹೊತ್ತವರು, ಸೈಕಲ್ಲಿನವರು, ಸಮವಸ್ತ್ರದ ಹುಡುಗಿಯರು. ಮೇಲಿನಿಂದ ಬಾರಾಸಾ ಅವರಿಗೆ ಕೈಬೀಸುತ್ತಿದ್ದ. ಅವರೂ ಬೀಸುತ್ತಿದ್ದರು.

ದಡ ಮುಟ್ಟಿತು. ಊರು ದಾಟಿತು. ನೈರೋಬಿ ರಸ್ತೆಯ ಮೊದಲ ದೊಡ್ಡ ಏರು ಶುರುವಾಯಿತು. ಅವಳು ಗೇರು ಇಳಿಸಿದಳು. ಮತ್ತೊಂದು ಇಳಿಸಿದಳು. ಕನ್ನಡಿಯಲ್ಲಿ ಹಿಂದಿನ ಸರಪಳಿ ಬಿಗಿದೇ ಇತ್ತು.

ಸ್ಟೇರಿಂಗ್ ಭಾರವಾಗುತ್ತಿತ್ತು.

ಅವಳು ನಿಲ್ಲಿಸಲಿಲ್ಲ.